ನೇರ ಬಿತ್ತೋದಾ, ಟ್ರೇಲಿ ಸಸಿ ಮಾಡೋದಾ? ಮನೇಲಿ ಬೀಜ ಹಾಕೋರಿಗೆ

ಬೀಜದ ಪ್ಯಾಕೆಟ್ ತಂದಿಟ್ಕೊಂಡು ಅದನ್ನ ಯಾವುದ್ರಲ್ಲಿ ಹಾಕೋದು, ಎಲ್ಲಿಡೋದು ಅಂತ ವಾರಗಟ್ಲೆ ತಲೆ ಕೆಡಿಸ್ಕೊಂಡೋರಲ್ಲಿ ನಾನೂ ಒಬ್ಳು. ಪ್ರೋ ಟ್ರೇ (ಸಾಲಾಗಿ ಸಣ್ಣ ಗುಳಿ ಇರೋ ಪ್ಲಾಸ್ಟಿಕ್ ಸಸಿ ಟ್ರೇ) ಬೇಕಾ, ಮೊಟ್ಟೆ ಟ್ರೇ ಸಾಕಾ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಲ್ದೆ ಆಗಲ್ವಾ, ಟಿಶ್ಯೂ ಪೇಪರಲ್ಲಿ ಮೊಳಕೆ ಬರಿಸೋದಾ ಅಂತ ಕೇಳಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ, ತಮಾಷೆ ಅಂದ್ರೆ ಅವರವರ ಮಟ್ಟಿಗೆ ಎಲ್ರೂ ಸರಿಯಾಗೇ ಹೇಳ್ತಿರ್ತಾರೆ, ಯಾಕಂದ್ರೆ ಒಬ್ರು ಟೊಮ್ಯಾಟೊ ಬೆಳೆದು ಹೇಳ್ತಿರ್ತಾರೆ ಇನ್ನೊಬ್ರು ಮೂಲಂಗಿ ಬೆಳೆದು ಹೇಳ್ತಿರ್ತಾರೆ. ಹಾಗಾಗಿ ಯಾವ ವಿಧಾನ ಬೆಸ್ಟ್ ಅನ್ನೋದನ್ನ ಪಕ್ಕಕ್ಕಿಟ್ಟು ನಾನು ಹಾಕ್ತಿರೋ ಗಿಡದ ಬೇರು ಎಂಥದ್ದು ಅಂತ ಮೊದ್ಲು ನೋಡ್ಕೊಳ್ಳಿ, ಅದೊಂದು ಗೊತ್ತಾದ್ರೆ ಮಿಕ್ಕಿದ್ದರಲ್ಲಿ ಅರ್ಧ ತಾನಾಗೇ ತೀರ್ಮಾನ ಆಗತ್ತೆ.

ನಂಗೆ ಇದನ್ನ ಕಲಿಸಿದ್ದು ಕ್ಯಾರೆಟ್. ಪೇಪರ್ ಕಪ್ಪಲ್ಲಿ ಮುದ್ದಾಗಿ ಸಸಿ ಮಾಡಿ, ಒಂದೊಂದನ್ನೂ ಮಗು ಎತ್ಕೊಂಡ ಹಾಗೆ ಎತ್ತಿ ದೊಡ್ಡ ಕುಂಡಕ್ಕೆ ನೆಟ್ಟಿದ್ದೆ. ಮೂರು ತಿಂಗಳಾದ್ಮೇಲೆ ಕಿತ್ತು ನೋಡಿದ್ರೆ ಒಂದಕ್ಕೆ ಎರಡು ಕಾಲು, ಇನ್ನೊಂದಕ್ಕೆ ಮೂರು, ಎರಡಂತೂ ಒಂದನ್ನೊಂದು ತಬ್ಕೊಂಡು ಹಗ್ಗ ಹೊಸೆದ ಹಾಗಾಗಿತ್ತು. ನಾವು ತಿನ್ನೋ ಕ್ಯಾರೆಟ್ ಅಂದ್ರೆ ಅದರ ತಾಯಿಬೇರೇ ಅಲ್ವಾ, ಎಳೇದ್ರಲ್ಲಿ ಅದರ ತುದಿ ಕಪ್ಪಿನ ತಳಕ್ಕೆ ತಾಗಿ ಬಾಗಿದ್ರೆ ಅಥವಾ ನೆಡೋವಾಗ ಚೂರು ಮುರಿದ್ರೆ ಅಲ್ಲಿಂದ ಕವಲೊಡೆಯತ್ತೆ. ರುಚಿಗೇನೂ ಕೊರತೆ ಇರ್ಲಿಲ್ಲ, ಆದ್ರೆ ಸಿಪ್ಪೆ ತೆಗೆಯೋಕೆ ಪ್ರಾಣ ಹೋಯ್ತು.

ಬೇರಿನ ಪ್ರಕಾರ ನೋಡಿದ್ರೆ

ಕ್ಯಾರೆಟ್, ಮೂಲಂಗಿ ಇವೆರಡನ್ನ ಕಣ್ಣು ಮುಚ್ಕೊಂಡು ನೇರ ಬಿತ್ತಿ, ಬೇರೆ ಯೋಚ್ನೆನೇ ಬೇಡ. ಬೀಟ್ರೂಟ್ ಸ್ವಲ್ಪ ಸಹಿಸ್ಕೊಳ್ಳತ್ತೆ, ಚಿಕ್ಕದಿದ್ದಾಗ ಎತ್ತಿ ನೆಟ್ರೆ ಹೊಂದ್ಕೊಳ್ಳತ್ತೆ, ಆದ್ರೆ ಬೀಟ್ರೂಟಿನ ಒಂದು ಬೀಜ ಅಂತ ನಾವು ಅಂದ್ಕೊಳ್ಳೋದು ನಿಜಕ್ಕೂ ಎರಡು ಮೂರು ಬೀಜ ಅಂಟಿಕೊಂಡಿರೋ ಗೊಂಚಲು, ಒಂದು ಹಾಕಿದ್ರೆ ಮೂರು ಮೊಳಕೆ ಬರತ್ತೆ, ಕನ್ಫ್ಯೂಸ್ ಆಗ್ಬೇಡಿ, ಒಂದನ್ನ ಉಳಿಸಿ ಮಿಕ್ಕಿದ್ದನ್ನ ಕತ್ತರಿಸಿ.

ಆಮೇಲೆ ಬೇರು ಮುಟ್ಟಿದ್ರೆ ಮುನಿಸ್ಕೊಳ್ಳೋ ಜಾತಿ. ಸೌತೆ, ಕುಂಬಳ, ಹೀರೆ, ಹಾಗಲ, ಬೀನ್ಸ್, ಬೆಂಡೆ. ಇವುಗಳ ಬೀಜ ದಪ್ಪ, ಬೆಚ್ಚಗಿದ್ರೆ ಸಾಮಾನ್ಯವಾಗಿ ವಾರದ ಆಸುಪಾಸಲ್ಲೇ ಮೇಲೆ ಬರತ್ತೆ, ಹಾಗಾಗಿ ಟ್ರೇಲಿ ಹಾಕಿ ನಾವು ಉಳಿಸೋ ಟೈಮ್ ಏನೂ ಇಲ್ಲ. ನೇರ ಬಿತ್ತೋದೇ ಸಲೀಸು. ಇಲಿ, ಹಕ್ಕಿ, ಬಸವನಹುಳು ಕಾಟ ಇದ್ರೆ ಮಾತ್ರ ಕಪ್ಪಲ್ಲಿ ಒಂದೊಂದೇ ಬೀಜ ಹಾಕಿ, ಎರಡು ನಿಜವಾದ ಎಲೆ (ಮೊದಲು ಬರೋ ಬೀಜದೆಲೆ ಆದ್ಮೇಲೆ ಬರೋವು) ಬಂದ ತಕ್ಷಣ ಮಣ್ಣಿನ ಮುದ್ದೆ ಒಡೀದೆ ಹಾಗ್‌ಹಾಗೇ ಇಳಿಸಿ, ಇನ್ನೂ ದೊಡ್ಡದಾಗ್ಲಿ ಅಂತ ಕಾದ್ರೆ ಬೇರು ಸುತ್ಕೊಂಡು ನೆಟ್ಟ ಮೇಲೆ ಹತ್ತು ದಿನ ಅಲ್ಲೇ ಸೊರಗಿ ನಿಂತಿರತ್ತೆ. ಬೆಂಡೆ ಬೀಜ ರಾತ್ರಿ ನೆನೆಸಿ ಹಾಕಿದ್ರೆ ಬೇಗ ಬರತ್ತೆ, ಸಿಪ್ಪೆ ಗಟ್ಟಿ ಅದಕ್ಕೆ. ಬೀನ್ಸ್ ಬೀಜವನ್ನ ಮಾತ್ರ ಗಂಟೆಗಟ್ಲೆ ನೆನೆಸ್ಬೇಡಿ, ಜಾಸ್ತಿ ನೀರು ಕುಡಿದು ಒಳಗೇ ಸೀಳಿ ಮಣ್ಣಲ್ಲಿ ಕೊಳೆಯೋದೇ ಜಾಸ್ತಿ.

ಮೂರನೇದು ಟ್ರೇಗೆ ಅಂತಾನೇ ಹುಟ್ಟಿರೋ ಗುಂಪು, ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ಕ್ಯಾಪ್ಸಿಕಂ, ಎಲೆಕೋಸು, ಹೂಕೋಸು, ಈರುಳ್ಳಿ. ಇವನ್ನ ಒಟ್ಲು ಹಾಕಿ ಸಸಿ ಮಾಡಿ ನಾಟಿ ಮಾಡೋದು ಯಾವತ್ತಿಂದಲೂ ಇರೋ ಪದ್ಧತಿನೇ. ಮೆಣಸಿನ ಬೀಜ ಮಣ್ಣಿಂದ ಮೇಲೆ ಬರೋಕೇ ಎರಡು ವಾರ ತಗೊಳ್ಳತ್ತೆ, ನೆಡೋ ಸೈಜಿಗೆ ಬರೋಕೆ ಇನ್ನೂ ಒಂದು ಒಂದೂವರೆ ತಿಂಗಳು, ಅಷ್ಟು ದಿನ ಅದನ್ನ ಬಯಲಲ್ಲಿ ಬಿಟ್ರೆ ಕಳೆ ಮುಚ್ಕೊಳ್ಳತ್ತೆ, ಇರುವೆ ಹೊತ್ಕೊಂಡು ಹೋಗತ್ತೆ, ಒಂದು ಜೋರು ಮಳೆಗೆ ಬೀಜ ಕೊಚ್ಕೊಂಡು ಹೋಗತ್ತೆ. ಟೊಮ್ಯಾಟೊ ಅಂತೂ ಬೇರಿನ ವಿಷ್ಯದಲ್ಲಿ ಬಹಳ ಉದಾರಿ, ಕಾಂಡಾನ ಎಷ್ಟುದ್ದ ಹೂತ್ರೂ ಅಷ್ಟುದ್ದಕ್ಕೂ ಹೊಸ ಬೇರು ಬಿಡತ್ತೆ, ಎರಡು ಸಲ ಕಿತ್ತು ನೆಟ್ರೂ ಬೇಜಾರು ಮಾಡ್ಕೊಳ್ಳಲ್ಲ.

ಸೊಪ್ಪುಗಳಲ್ಲಿ ಮೆಂತ್ಯ, ದಂಟು, ಪಾಲಕ್ ಇವನ್ನ ಅಗಲದ ಕುಂಡದಲ್ಲಿ ನೇರ ಎರಚಿ. ಲೆಟ್ಯೂಸ್ ಎರಡೂ ಕಡೆ ನಡೆಯತ್ತೆ ಆದ್ರೆ ಅದಕ್ಕೆ ಸೆಕೆ ಆಗಲ್ಲ, 28–30 ಡಿಗ್ರಿ ದಾಟಿದ್ರೆ ಬೀಜ ಮಲ್ಕೊಂಡ್‌ಬಿಡತ್ತೆ, ಸೆಕೆ ಜಾಸ್ತಿ ಇದ್ರೆ ಟ್ರೇಲೇ ಹಾಕಿ ಮನೆಯೊಳಗೆ ತಂಪಾಗಿರೋ ಮೂಲೇಲಿಡಿ.

ಹರ್ಬ್ಸ್ ಕಥೆ ಬೇರೆ

ಇಲ್ಲಿ ಜನ ಜಾಸ್ತಿ ಎಡವೋದು. ಕೊತ್ತಂಬರಿ, ಸಬ್ಬಸಿಗೆ ಎರಡೂ ಕ್ಯಾರೆಟ್ಟಿನ ಮನೆತನದವು, ಉದ್ದ ತಾಯಿಬೇರು, ಕಿತ್ತು ನೆಟ್ರೆ ಗಾಬರಿಯಾಗಿ ಎಲೆ ಬಿಡೋದು ನಿಲ್ಲಿಸಿ ಹೂ ಬಿಡೋಕೆ ಶುರು ಮಾಡತ್ತೆ. ನೇರ ಬಿತ್ತಿ. ಕೊತ್ತಂಬರಿ ಕಾಳು ಒಂದು ಅಂತ ಕಂಡ್ರೂ ಒಳಗೆ ಎರಡು ಬೀಜ ಇರತ್ತೆ, ಅಂಗೈಯಲ್ಲೋ ಲಟ್ಟಣಿಗೆಯಲ್ಲೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡ್ಕೊಂಡು ಹಾಕಿ, ಪುಡಿ ಮಾಡ್ಬೇಡಿ. ಅಡುಗೆಗೆ ತಂದಿರೋ ಧನಿಯಾನೇ ಹಾಕ್ಬೋದು, ಹಳೇದಾಗಿರದಿದ್ರೆ ಬರತ್ತೆ.

ಬೇಸಿಲ್, ತುಳಸಿ ಟ್ರೇಲಿ ಆರಾಮಾಗಿ ಬರತ್ತೆ, ಎತ್ತಿ ನೆಟ್ರೂ ಹಠ ಮಾಡಲ್ಲ, ಮೇಲೆ ಮಣ್ಣು ಮುಚ್ಚೋದಾದ್ರೆ ತೆಳ್ಳಗೆ ಉದುರಿಸಿ ಸಾಕು. ಬೇಸಿಲ್ ಬೀಜ ಒದ್ದೆ ಆದ್ರೆ ಸುತ್ತ ನೀಲಿ ಬಿಳಿ ಲೋಳೆ ಕಟ್ಕೊಳ್ಳತ್ತೆ, ಅದು ಬೂಷ್ಟು ಅಲ್ಲ, ಎಸೀಬೇಡಿ. ಥೈಮ್, ಒರೆಗಾನೊ ಬೀಜ ಧೂಳಿನ ಹಾಗಿರತ್ತೆ, ಬೆಳಕು ಬಿದ್ರೇ ಚೆನ್ನಾಗಿ ಮೊಳೆಯೋದು, ಮಣ್ಣಿನ ಮೇಲೆ ಉದುರಿಸಿ ಬೆರಳಲ್ಲಿ ಒತ್ತಿ ಬಿಡಿ ಅಷ್ಟೇ. ಪಾರ್ಸ್ಲಿಗೆ ಮೂರು ನಾಲ್ಕು ವಾರ ಕಾಯೋ ತಾಳ್ಮೆ ಬೇಕು. ಇನ್ನು ಪುದೀನಾ, ರೋಸ್ಮೆರಿ, ನಿಂಬೆಹುಲ್ಲು ಇವಕ್ಕೆಲ್ಲಾ ಬೀಜದ ಪ್ಯಾಕೆಟ್ ಕೊಳ್ಳೋದು ನನ್ನ ಪ್ರಕಾರ ದುಡ್ಡು ದಂಡ. ಪುದೀನಾ ಕಡ್ಡಿ ನೀರಲ್ಲಿಟ್ರೆ ವಾರ ಹತ್ತು ದಿನಕ್ಕೆ ಬೇರು ಬಿಡತ್ತೆ, ಬೀಜದಿಂದ ಬಂದ ಪುದೀನಾ ಅದೇ ಘಮ ಕೊಡತ್ತೆ ಅನ್ನೋ ಗ್ಯಾರಂಟಿನೂ ಇಲ್ಲ. ನಿಂಬೆಹುಲ್ಲಿನ ಒಂದು ಬುಡ ಸೀಳಿ ಯಾರಾದ್ರೂ ಕೊಟ್ರೆ ಮುಗೀತು.

ಯಾವುದ್ರಲ್ಲಿ ಹಾಕೋದು

ಮೊಟ್ಟೆ ಟ್ರೇ ಬಗ್ಗೆ ಮೊದ್ಲು ಹೇಳ್ಬಿಡ್ತೀನಿ, ಫೋಟೋಗೆ ಚೆನ್ನಾಗಿರತ್ತೆ. ರಟ್ಟಿನ ಟ್ರೇ ನೀರನ್ನ ತಾನೇ ಹೀರ್ಕೊಂಡು ಗಾಳಿಗೆ ಒಣಗಿಸ್ಬಿಡತ್ತೆ, ಬೆಳಿಗ್ಗೆ ನೀರು ಹಾಕಿದ್ರೆ ಸಂಜೆಗೆ ಒಣ ಒಣ, ಎರಡನೇ ವಾರಕ್ಕೆ ಬೂಷ್ಟು, ಗುಳಿ ಆಳ ಇರಲ್ಲ ಅಂತ ಬೇರು ಮೂರೇ ದಿನಕ್ಕೆ ತಳ ಮುಟ್ಟತ್ತೆ. ಮೊಟ್ಟೆ ಚಿಪ್ಪೂ ಅಷ್ಟೇ, ಮಕ್ಕಳ ಜೊತೆ ಕೂತು ಮಾಡೋಕೆ ಖುಷಿ, ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ. ಬರೀ ಮೊಳಕೆ ಬರಿಸೋಕೆ ಆಗತ್ತೆ, ಎರಡು ಎಲೆ ಬರ್ತಿದ್ದ ಹಾಗೇ ಬೇರೆ ಕಡೆ ಎತ್ತಲೇಬೇಕು.

ಪ್ರೋ ಟ್ರೇ ಒಳ್ಳೇದು, ಆದ್ರೆ ನರ್ಸರಿಯವರು ಇಟ್ಕೊಳ್ಳೋ 98 ಗುಳಿದು ಮನೆಗೆ ಹೊಂದಲ್ಲ ಅಂತೀನಿ ನಾನು. ಗುಳಿ ತೀರಾ ಸಣ್ಣದು, ಬಿಸಿಲಿದ್ದ ದಿನ ಎರಡು ಹೊತ್ತು ನೀರು ಕೇಳತ್ತೆ, ಅವ್ರಿಗಾದ್ರೆ ನೋಡ್ಕೊಳ್ಳೋಕೆ ಜನ ಇರ್ತಾರೆ, ನಾವು ಆಫೀಸಿಗೆ ಹೋಗಿ ಬರೋಷ್ಟ್ರಲ್ಲಿ ಸಸಿ ತಲೆ ಬಗ್ಗಿಸಿರತ್ತೆ. 50 ಗುಳಿದು ಅಥವಾ ಅದಕ್ಕಿಂತ ದೊಡ್ಡ ಗುಳಿದು ಸಿಕ್ರೆ ತಗೊಳ್ಳಿ. 98ರದ್ದೇ ಇದೆ ಅಂದ್ರೆ ಟೊಮ್ಯಾಟೊನ 25–30 ದಿನದೊಳಗೆ ಅಲ್ಲಿಂದ ಎತ್ತಿ.

ಪೇಪರ್ ಕಪ್ಪು, ಖಾಲಿ ಐಸ್‌ಕ್ರೀಮ್ ಡಬ್ಬಿ ಇವು ನನ್ನ ಫೇವರಿಟ್, ತಳದಲ್ಲಿ ಮೂರ್ನಾಲ್ಕು ತೂತು ಮಾಡೋದು ಮರೀಬೇಡಿ ಅಷ್ಟೇ (ಒಂದೇ ತೂತು ಮಾಡಿದ್ರೆ ಅದು ಕಟ್ಕೊಳ್ಳತ್ತೆ, ಅನುಭವದ ಮಾತು). ನ್ಯೂಸ್ ಪೇಪರ್ ಸುತ್ತಿ ಮಾಡೋ ಕುಂಡ ಸೌತೆ ಹೀರೆಗೆ ಚೆನ್ನ, ಪೇಪರ್ ಸಮೇತ ಹೂಳ್ಬೋದು, ಆದ್ರೆ ಅಂಚು ಮಣ್ಣಿಂದ ಮೇಲೆ ಇಣುಕದ ಹಾಗೆ ಹರಿದು ಹಾಕಿ, ಇಲ್ಲಾಂದ್ರೆ ಅದು ಬತ್ತಿಯ ಹಾಗೆ ತೇವ ಎಳೆದು ಗಾಳಿಗೆ ಬಿಡತ್ತೆ. ನೀರು ಹಾಕಿದ್ರೆ ಉಬ್ಬೋ ಕೋಕೋ ಬಿಲ್ಲೆ ಸಿಗತ್ತಲ್ಲ, ಅದು ಕ್ಲೀನು, ಹತ್ತು ಹನ್ನೆರಡು ಗಿಡ ಬೇಕಾದೋರಿಗೆ ಸಲೀಸು, ಆದ್ರೆ ಅದರ ಸುತ್ತ ಇರೋ ಬಲೆ ಎಲ್ಲಾ ಕಡೆ ಬೇಗ ಕರಗಲ್ಲ, ನೆಡೋವಾಗ ಬಲೆ ಕತ್ತರಿಸಿ.

ಇನ್ನೊಂದು ಹಳೇ ವಿಧಾನ, ಒಂದು ಅಗಲದ ಡಬ್ಬಿಯಲ್ಲಿ ಇಪ್ಪತ್ತು ಮೂವತ್ತು ಬೀಜ ಒಟ್ಟಿಗೆ ಉದುರಿಸಿ, ಮೊದಲ ನಿಜವಾದ ಎಲೆ ಬಂದಾಗ ಬಿಡಿಸಿ ಬೇರೆ ಬೇರೆ ಕಪ್ಪಿಗೆ ಹಾಕೋದು. ಜಾಗ ಕಮ್ಮಿ, ಕೆಲ್ಸ ಡಬಲ್. ಹಾಗೆ ಬಿಡಿಸೋವಾಗ ಸಸಿಯನ್ನ ಎಲೆ ಹಿಡಿದು ಎತ್ತಿ, ಕಾಂಡ ಹಿಡೀಬೇಡಿ. ಎಲೆ ಹೋದ್ರೆ ಇನ್ನೊಂದು ಬರತ್ತೆ, ಕಾಂಡ ನಜ್ಜಿದ್ರೆ ಆ ಗಿಡ ಅಲ್ಲಿಗೆ ಮುಗೀತು.

ಮಣ್ಣಾ, ಕೋಕೋಪೀಟಾ

ತೋಟದ ಮಣ್ಣು ದೊಡ್ಡ ಕುಂಡದಲ್ಲಿ, ಮಡಿಯಲ್ಲಿ ಸರಿ. ಸಣ್ಣ ಗುಳಿಯಲ್ಲಿ ಅದನ್ನ ತುಂಬಿದ್ರೆ ನಾಲ್ಕು ಸಲ ನೀರು ಹಾಕೋಷ್ಟ್ರಲ್ಲಿ ಇಟ್ಟಿಗೆ ಆಗತ್ತೆ, ಬೇರಿಗೆ ಗಾಳಿ ಇಲ್ಲ, ಜೊತೆಗೆ ಮಣ್ಣಲ್ಲಿರೋ ಶಿಲೀಂಧ್ರ, ಕಳೆ ಬೀಜ ಎಲ್ಲಾ ಫ್ರೀ. ಕೋಕೋಪೀಟ್ ಹಗುರ, ನೀರು ಹಿಡ್ಕೊಳ್ಳತ್ತೆ, ಬೇರು ಸಲೀಸಾಗಿ ಓಡಾಡತ್ತೆ. ಆದ್ರೆ ಅದರದ್ದು ಎರಡು ತೊಂದ್ರೆ. ಒಂದು ಉಪ್ಪು, ತೊಳೀದೆ ಇರೋ ಕೋಕೋಪೀಟಲ್ಲಿ ಉಪ್ಪಿನಂಶ ಜಾಸ್ತಿ ಇರತ್ತೆ, ನೀರಲ್ಲಿ ನೆನೆಸಿ ಹಿಂಡಿ ಎರಡು ಮೂರು ಸಲ ತೊಳೀಬೇಕು, ಕಂದು ನೀರು ತಿಳಿಯಾಗೋ ತನಕ. ಎರಡನೇದು, ಅದ್ರಲ್ಲಿ ಊಟ ಇಲ್ಲ. ಮೊಳಕೆ ಶುರುವಿಗೆ ಬೀಜದಲ್ಲಿರೋ ಬುತ್ತಿ ತಿಂದ್ಕೊಂಡಿರತ್ತೆ, ನಿಜವಾದ ಎಲೆ ಬರೋ ಹೊತ್ತಿಗೆ ಬುತ್ತಿ ಖಾಲಿ, ಆಗ ಎಲೆ ತಿಳಿಹಳದಿ ತಿರುಗಿ ಗಿಡ ಅಲ್ಲೇ ನಿಂತ್ಬಿಡತ್ತೆ. ಬೆಳೀತಿಲ್ಲ ಅಂತ ನಾವು ಇನ್ನೂ ನೀರು ಹಾಕ್ತೀವಿ, ಅದಕ್ಕೆ ಬೇಕಿದ್ದಿದ್ದು ಗೊಬ್ಬರ.

ನಾನೀಗ ಮಾಡೋದು ಎರಡು ಪಾಲು ತೊಳೆದ ಕೋಕೋಪೀಟ್, ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ. ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಇದ್ರೆ ಒಂದು ಹಿಡಿ, ಇಲ್ಲಾಂದ್ರೆ ಇಲ್ಲ. ಗೊಬ್ಬರ ಪೂರ್ತಿ ಕಳಿತಿರ್ಬೇಕು, ಮಣ್ಣಿನ ವಾಸನೆ ಬರ್ಬೇಕು, ಹಸಿ ಸಗಣಿ ವಾಸನೆ ಬಂದ್ರೆ ಬೇಡವೇ ಬೇಡ. ಹದ ನೋಡೋಕೆ ಒಂದು ಹಿಡಿ ತಗೊಂಡು ಹಿಂಡಿ, ಬೆರಳ ಸಂದಿಯಿಂದ ಒಂದೆರಡು ಹನಿ ಬಂದ್ರೆ ಸರಿಯಾದ ಹದ, ಧಾರೆ ಬಂದ್ರೆ ಜಾಸ್ತಿ ಆಯ್ತು. ಬಿತ್ತೋ ಆಳಕ್ಕೆ ಟೇಪ್ ಬೇಡ, ಬೀಜದ ದಪ್ಪದ ಎರಡು ಮೂರು ಪಟ್ಟು, ಅಷ್ಟೇ ಲೆಕ್ಕ.

ನೀರಿನ ವಿಷ್ಯದಲ್ಲಿ ಮೇಲಿಂದ ಚಿಮುಕಿಸೋದಕ್ಕಿಂತ ಟ್ರೇನ ನೀರಿರೋ ತಟ್ಟೆಯಲ್ಲಿ ಇಪ್ಪತ್ತು ನಿಮಿಷ ಇಟ್ಟು ತೆಗೆಯೋದು ವಾಸಿ, ತಳದಿಂದ ಹೀರ್ಕೊಳ್ಳತ್ತೆ, ಮೇಲ್ಮೈ ಒಣಗಿರತ್ತೆ. ನಿನ್ನೆ ಚೆನ್ನಾಗಿದ್ದ ಸಸಿ ಇವತ್ತು ಬೆಳಿಗ್ಗೆ ಬುಡದಲ್ಲಿ ದಾರದ ಹಾಗೆ ಸಣ್ಣಗಾಗಿ ಬಿದ್ದಿದ್ರೆ ಅದು ಬುಡ ಕೊಳೆಯೋ ರೋಗ, ಯಾವಾಗ್ಲೂ ಒದ್ದೆ ಇರೋ ಮಣ್ಣು, ಗಾಳಿ ಆಡದ ಮೂಲೆ, ದಟ್ಟವಾಗಿ ಬಿತ್ತಿದ ಬೀಜ, ಈ ಮೂರು ಸೇರಿದ್ರೆ ಅದು ಬಂದೇ ಬರತ್ತೆ. ಬಿದ್ದಿದ್ದನ್ನ ಉಳಿಸೋಕಾಗಲ್ಲ. ಅಕ್ಕಪಕ್ಕದ ಮಣ್ಣು ಸಮೇತ ತೆಗೆದು, ಮಿಕ್ಕಿದ್ದನ್ನ ಗಾಳಿಗಿಡಿ, ಒಂದೆರಡು ದಿನ ನೀರಿನ ತಂಟೆಗೆ ಹೋಗ್ಬೇಡಿ.

ಕಿಟಕಿ, ಲೈಟು, ಹೊರಗೆ

ಬೀಜ ಮೊಳೆಯೋಕೆ ಹೆಚ್ಚಿನವಕ್ಕೆ ಬೆಳಕು ಬೇಡ, ಬೆಚ್ಚಗಿದ್ರೆ ಸಾಕು. ಟೊಮ್ಯಾಟೊಗೆ 20–27 ಡಿಗ್ರಿ, ಮೆಣಸು ಬದನೆಗೆ 25–30. ಆದ್ರೆ ಮೊಳಕೆ ಮಣ್ಣಿಂದ ಕತ್ತು ಬಗ್ಗಿಸಿ ಮೇಲೆ ಬರೋದು ಕಂಡ ದಿನಾನೇ ಬೆಳಕಿಗೆ ಇಡ್ಬೇಕು, ಮೇಲೆ ಏನಾದ್ರೂ ಮುಚ್ಚಿಟ್ಟಿದ್ರೆ ತೆಗೀಬೇಕು. ಒಂದು ವೀಕೆಂಡ್ ಊರಿಗೆ ಹೋಗ್ಬಂದು ನೋಡಿದ್ರೆ ಕತ್ತಲಲ್ಲಿ ಮುಚ್ಚಿಟ್ಟಿದ್ದ ಎಲೆಕೋಸಿನ ಸಸಿ ಗೇಣುದ್ದ ಅಲ್ಲದಿದ್ರೂ ನಾಲ್ಕು ಬೆರಳುದ್ದ ಬಿಳೀ ನೂಲು ಆಗಿತ್ತು. ಬೆಳೆಯೋ ಸಿರಿ ಮೊಳಕೆಯಲ್ಲಿ ಅಂತಾರಲ್ಲ, ಆ ಸಿರಿ ನೋಡಿ ನಂಗೆ ಅಳು ಬಂತು.

ಕಿಟಕಿ ಫ್ರೀ, ಆದ್ರೆ ಬೆಳಕು ಒಂದೇ ಕಡೆಯಿಂದ ಬರತ್ತೆ, ಸಸಿ ಆ ಕಡೆಗೇ ವಾಲತ್ತೆ, ದಿನಾ ಟ್ರೇ ತಿರುಗಿಸ್ಬೇಕು, ಗಾಜಿಂದ ಎರಡು ಮೂರು ಅಡಿ ಒಳಗೆ ಇಟ್ರೆ ನಮ್ಮ ಕಣ್ಣಿಗೆ ಬೆಳಕು ಅನ್ಸಿದ್ರೂ ಗಿಡಕ್ಕೆ ಸಾಲಲ್ಲ. ಲೈಟ್ ಹಾಕೋದಾದ್ರೆ ಗಿಡಕ್ಕೆ ಅಂತಾನೇ ಮಾರೋ ಆ ನೇರಳೆ ಬಣ್ಣದ ಗ್ರೋ ಲೈಟೇ ಬೇಕು ಅಂತೇನಿಲ್ಲ, ಸಾಮಾನ್ಯ ಬಿಳಿ ಟ್ಯೂಬ್ ಎಲ್ಇಡಿನ ಸಸಿ ತುದಿಯಿಂದ ಒಂದು ಗೇಣಿಗಿಂತ ಕಮ್ಮಿ ದೂರದಲ್ಲಿ ದಿನಕ್ಕೆ 14–16 ಗಂಟೆ ಉರಿಸಿದ್ರೆ ಸಸಿ ಹಂತಕ್ಕೆ ಸಾಕಾಗತ್ತೆ. ಮೇಲೆ ಸೀಲಿಂಗಲ್ಲಿ ತೂಗಾಕಿದ್ರೆ ಪ್ರಯೋಜನ ಇಲ್ಲ. ಹೊರಗೆ ಬೆಚ್ಚಗಿದ್ದು ನಿಮಗೆ ಬಾಲ್ಕನಿನೋ ಅಂಗಳಾನೋ ಇದ್ರೆ ಇದ್ಯಾವುದರ ಗೋಜೂ ಬೇಡ, ಬೆಳಗಿನ ಎಳೆ ಬಿಸಿಲು ಬೀಳೋ ಜಾಗದಲ್ಲಿ ಇಡಿ, ಗಾಳಿಗೆ ಅಲ್ಲಾಡಿ ಅಲ್ಲಾಡಿ ಕಾಂಡ ದಪ್ಪ ಆಗತ್ತೆ. ಒಳಗೆ ಬೆಳೆಸೋರು ದಿನಾ ಹೋಗ್ತಾ ಬರ್ತಾ ಅಂಗೈಯಲ್ಲಿ ಸಸಿ ತಲೆ ಮೆಲ್ಲಗೆ ಸವರಿದ್ರೂ ಅದೇ ಪರಿಣಾಮ, ಕೇಳೋಕೆ ತಮಾಷೆ ಆದ್ರೆ ನಿಜ. ಒಳಗಿದ್ದ ಸಸೀನ ಒಂದೇ ಸಲ ಬಿಸಿಲಿಗೆ ದೂಡ್ಬೇಡಿ, ಎಲೆ ಸುಟ್ಟು ಬಿಳಿ ಕಲೆ ಆಗತ್ತೆ, ಮೊದಲ ದಿನ ಒಂದು ಗಂಟೆ ನೆರಳಲ್ಲಿ, ಹಾಗೇ ಏರಿಸ್ತಾ ವಾರ ಹತ್ತು ದಿನ ತಗೊಳ್ಳಿ.

ಟಿಶ್ಯೂ ಪೇಪರ್ ವಿಧಾನ ದಿನಾ ಬೆಳೆಸೋಕೆ ಅಲ್ಲ, ಟೆಸ್ಟ್ ಮಾಡೋಕೆ. ಹಳೇ ಪ್ಯಾಕೆಟ್ ಸಿಕ್ತು, ಇದು ಜೀವ ಇದೆಯಾ ಅಂತ ಡೌಟು, ಆಗ ಹತ್ತು ಬೀಜ ಒದ್ದೆ ಟಿಶ್ಯೂನಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಎಂಟು ಮೊಳೆತ್ರೆ ಖುಷಿಯಾಗಿ ಬಿತ್ತಿ, ನಾಲ್ಕು ಬಂದ್ರೆ ಡಬಲ್ ಹಾಕಿ, ಒಂದು ಬಂದ್ರೆ ಪ್ಯಾಕೆಟ್ ಎಸೀರಿ. ಈರುಳ್ಳಿ ಬೀಜ ಒಂದು ವರ್ಷಕ್ಕೇ ಸತ್ವ ಕಳ್ಕೊಳ್ಳತ್ತೆ, ಮೆಣಸು ಎರಡು ಮೂರು ವರ್ಷ, ಟೊಮ್ಯಾಟೊ ನಾಲ್ಕು, ಸೌತೆ ಐದರ ತನಕ, ಅದೂ ಒಣಗಿ ತಂಪಾಗಿಟ್ಟಿದ್ರೆ. ಮೊಳೆತ ಬೀಜ ಮಣ್ಣಿಗೆ ಹಾಕೋದಾದ್ರೆ ಬೇರು ಒಂದು ಸೆಂಟಿಮೀಟರ್ ಆಗೋ ಮುಂಚೆ ಹಾಕಿ, ಆಮೇಲೆ ಅದು ಪೇಪರಿನೊಳಗೆ ನುಗ್ಗಿರತ್ತೆ, ಬಿಡಿಸೋವಾಗ ಮುರಿಯತ್ತೆ.

ಹೈಬ್ರಿಡ್ಡಾ ನಾಟಿನಾ ಅನ್ನೋ ಜಗಳದಲ್ಲಿ ನಾನು ಯಾರ ಪಾರ್ಟೀನೂ ಅಲ್ಲ. ಎಫ್1 ಅಂತ ಬರೆದಿದ್ರೆ ಅದು ಎರಡು ಬೇರೆ ತಳಿ ಸೇರಿಸಿ ಮಾಡಿದ ಮೊದಲ ಪೀಳಿಗೆ, ಎಲ್ಲಾ ಗಿಡ ಒಂದೇ ಥರ ಬರತ್ತೆ, ಹಲವಕ್ಕೆ ರೋಗ ತಡ್ಕೊಳ್ಳೋ ಶಕ್ತಿನೂ ಇರತ್ತೆ, ಆದ್ರೆ ಅದರ ಬೀಜ ತೆಗೆದಿಟ್ಟು ಮುಂದಿನ ಸಲ ಹಾಕಿದ್ರೆ ಅಮ್ಮನ ಹಾಗೆ ಬರಲ್ಲ. ಬೀಜ ಉಳಿಸ್ಕೊಳ್ಳೋ ಆಸೆ ಇದ್ರೆ ನಾಟಿ ತಳಿ ತಗೊಳ್ಳಿ, ಅದ್ರಲ್ಲೂ ಟೊಮ್ಯಾಟೊ ಬೀನ್ಸಿಂದ ಶುರು ಮಾಡಿ, ಅವು ತಮ್ಮ ಹೂವಲ್ಲೇ ತಾವು ಪರಾಗಸ್ಪರ್ಶ ಮಾಡ್ಕೊಳ್ಳೋ ಜಾತಿ. ಕುಂಬಳದ ಬೀಜ ಉಳಿಸೋದು ತಲೆನೋವು, ಜೇನುಹುಳ ಪಕ್ಕದ ಮನೆ ಕುಂಬಳದ ಪರಾಗ ತಂದು ಸೇರಿಸಿರತ್ತೆ. ಗುಲಾಬಿನೋ ನೀಲಿನೋ ಬಣ್ಣ ಬಳಿದ ಬೀಜ ಬಂದ್ರೆ ಅದಕ್ಕೆ ಔಷಧಿ ಹಾಕಿದ್ದಾರೆ ಅಂತ ಅರ್ಥ, ಕೈ ತೊಳ್ಕೊಳ್ಳಿ, ಮಕ್ಕಳ ಕೈಗೆ ಕೊಡ್ಬೇಡಿ.

ಕೊನೇದಾಗಿ ಇಷ್ಟೆಲ್ಲಾ ಯಾಕೆ, ಸಸಿನೇ ಕೊಂಡು ತರ್ಬಾರ್ದಾ? ತರ್ಬೋದು ಕಣ್ರೀ, ಅದ್ರಲ್ಲಿ ಅವಮಾನ ಏನಿಲ್ಲ. ನಿಮಗೆ ಬೇಕಿರೋದು ಎರಡೇ ಬದನೆ ಗಿಡ, ದಿನಾ ಎರಡು ಸಲ ಇಣುಕಿ ನೋಡೋಕೆ ಟೈಮಿಲ್ಲ ಅಂದ್ರೆ ಸಸಿ ತನ್ನಿ, ಒಂದು ಒಂದೂವರೆ ತಿಂಗಳ ಟೈಮ್ ಉಳಿಯತ್ತೆ. ತರೋವಾಗ ಹೂ ಬಿಟ್ಟಿರೋ ಉದ್ದ ಸಸಿಗೆ ಆಸೆ ಪಡ್ಬೇಡಿ, ಗಿಡ್ಡಕ್ಕೆ ದಪ್ಪ ಕಾಂಡ ಇರೋದು, ಎಲೆ ಕೆಳಗೆ ತಿರುಗಿಸಿ ನೋಡಿದ್ರೆ ಹುಳ ಇಲ್ದಿರೋದು ನೋಡಿ ತನ್ನಿ. ಹತ್ತಿರ ಸಿಗದ ತಳಿ ಬೇಕು, ಗಿಡ ಜಾಸ್ತಿ ಬೇಕು, ಅಥವಾ ಮಣ್ಣು ಸೀಳ್ಕೊಂಡು ಮೊಳಕೆ ಬರೋದನ್ನ ನೋಡೋ ಹುಚ್ಚಿದೆ ಅಂದ್ರೆ ಬೀಜ. ಮೊದಲ ಸಲದೋರು ಒಂದು ಕುಂಡದಲ್ಲಿ ಮೂಲಂಗಿ ನೇರ ಬಿತ್ತಿ, ಆರು ಕಪ್ಪಲ್ಲಿ ಟೊಮ್ಯಾಟೊ ಹಾಕಿ, ಎರಡು ಕಪ್ಪಲ್ಲಿ ಬೇಸಿಲ್. ಮೆಣಸಿನಕಾಯಿ ಹಾಕಿದ್ರೆ 25 ದಿನ ಆಗೋ ತನಕ ಆ ಮಣ್ಣನ್ನ ಚೆಲ್ಲೋಕೆ ಹೋಗ್ಬೇಡಿ, ನಾನು ಹನ್ನೆರಡನೇ ದಿನಕ್ಕೆ ಇದು ಸತ್ತೋಯ್ತು ಅಂತ ದಾಸವಾಳದ ಬುಡಕ್ಕೆ ಸುರಿದೆ, ಮುಂದಿನ ವಾರ ದಾಸವಾಳದ ಸುತ್ತ ಹದಿನೇಳು ಮೆಣಸಿನ ಸಸಿ. ರೋಸ್ಮೆರಿನ ಮಾತ್ರ ಎರಡು ಪ್ಯಾಕೆಟ್ ಬೀಜ ಹಾಳು ಮಾಡಿ ಕೊನೆಗೆ ಗಿಡಾನೇ ಕೊಂಡ್ಕೊಂಡು ಬಂದೆ.